ಅಂಗೈ ತೋರಿಸಿದರೆ ನಿಲ್ಲಿಸಬೇಕು

ಮಕ್ಕಳ ವಾಂತಿ, ಸಿಂಬಳ, ಜೊಲ್ಲು ಇವು ಯಾವುವೂ ನನಗೆ ಹೇಸಿಗೆ ಹುಟ್ಟಿಸುವುದಿಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಅದೆಲ್ಲ ಬಿಟ್ಟುಹೋಯಿತು. ಮಗುವೊಂದು ಮಡಿಲ ಮೇಲೆ ಮೊಸರನ್ನವನ್ನೆಲ್ಲ ಕಾರಿಕೊಂಡರೆ ಒರೆಸಿ, ಕೈ ತೊಳೆದು, ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಮನೆಗೆ ಬಂದಿದ್ದೇನೆ. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರೆ ನನಗೆ ನಗು ಬರುತ್ತಿತ್ತು. ಆದರೆ ಆ ಶನಿವಾರ ಚಿಂತಾಮಣಿಯ ಛತ್ರದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಾಲಿಗೆಯ ಬುಡದಲ್ಲಿ ಕಹಿ ಏಳುತ್ತದೆ.

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಆ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಆಟ ಆಡಿಸುವುದನ್ನು ನೋಡಿದವರು 'ಆಟದ ಮೇಡಂ' ಅನ್ನುತ್ತಾರೆ, ಸಾಕು. ಕೆಲವು ಮಕ್ಕಳಿಗೆ ಲೋಕ ಬಹಳ ಜೋರಾಗಿ ಮುಟ್ಟುತ್ತದೆ. ನಮಗೆ ಬರೀ ಮಿಕ್ಸಿ ಸದ್ದು ಅನ್ನಿಸುವುದು ಅವರ ಕಿವಿಗೆ ಮೊಳೆ ಹೊಡೆದಂತೆ. ಅಂಗಿಯ ಕತ್ತಿನ ಹಿಂದೆ ಹೊಲಿದಿರುವ ಸಣ್ಣ ಚೀಟಿ ಅವರಿಗೆ ಜಾಲಿಮುಳ್ಳು. ಇನ್ನು ಕೆಲವರಿಗೆ ತದ್ವಿರುದ್ಧ. ಎಷ್ಟು ಗುದ್ದಿದರೂ, ಎಷ್ಟು ಎತ್ತರದಿಂದ ಹಾರಿದರೂ ಮೈಗೆ ಇನ್ನೂ ಬೇಕು. ಹೊರಗಿನವರ ಕಣ್ಣಿಗೆ ಇವರೆಲ್ಲ ಹಟಮಾರಿಗಳು, ಇಲ್ಲವೇ ತಂದೆತಾಯಿ ಸರಿಯಾಗಿ ಬೆಳೆಸದ ಮಕ್ಕಳು.

ಚಿಂತಾಮಣಿ ಸುತ್ತಲಿನ ಅಂಥ ಆರು ಮಕ್ಕಳನ್ನು ಸೇರಿಸಿಕೊಂಡು ಪ್ರತಿ ಶನಿವಾರ ಒಂದು ಗುಂಪು ನಡೆಸುತ್ತಿದ್ದೆ. ಒಂಟಿಯಾಗಿ ಕಲಿಸಿದರೆ ಮಗು ನನ್ನ ಜೊತೆ ಮಾತ್ರ ಸರಿಹೋಗುತ್ತದೆ. ಶಾಲೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಅದು ಇರಬೇಕಾದದ್ದು ಹತ್ತು ಜನರ ಮಧ್ಯೆ. ಅದನ್ನು ಜನರ ಮಧ್ಯೆಯೇ ಕಲಿಯಬೇಕು.

ಆರು ಜನರಲ್ಲಿ ಮೂವರ ಮಾತು ಇಲ್ಲಿ ಮುಖ್ಯ. ಮೊದಲನೆಯವಳು ಏಳು ವರ್ಷದ ಹುಡುಗಿ. ಶಿಡ್ಲಘಟ್ಟದ ರಸ್ತೆಯ ಒಂದು ಹಳ್ಳಿಯವಳು, ರೇಷ್ಮೆ ಹುಳು ಸಾಕುವ ಮನೆಯವಳು. ಕಡ್ಲೆಪುರಿ, ಒಣ ಅನ್ನ, ಒಂದು ಬಗೆಯ ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಒದ್ದೆಯಾದದ್ದು, ಮೆತ್ತಗಿನದ್ದು ತುಟಿಗೆ ತಾಗಿದರೆ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅವಳ ಅಜ್ಜಿ ಮೊಮ್ಮಗಳ ಮೂಗು ಹಿಡಿದು, ಬಾಯಿ ತೆರೆಸಿ, ಮುದ್ದೆ ತುರುಕುತ್ತಿದ್ದರು. ಹುಡುಗಿಯ ಕಣ್ಣು ಮೇಲಕ್ಕೆ ಹೋಗಿತ್ತು. "ನುಂಗ್ಬಿಟ್ರೆ ರುಚಿ ಗೊತ್ತಾಗ್ತದೆ ಮೇಡಂ, ನಮ್ಮ ಮಕ್ಕಳ್ನೆಲ್ಲ ಹಿಂಗೇ ಬೆಳೆಸಿದ್ದು" ಅಂದರು ಅಜ್ಜಿ. ನಾನು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಎರಡನೆಯವನು ಹೆಲ್ಮೆಟ್ ಹುಡುಗ. ಒಂಬತ್ತು ವರ್ಷ. ಚಿಂತಾಮಣಿಯಲ್ಲೇ ಮನೆ, ತಾಯಿ ಬುರ್ಖಾ ಹೊಲಿಯುತ್ತಿದ್ದರು. ಸದ್ದು ಅವನಿಗೆ ಆಗದು. ಮಾರುಕಟ್ಟೆಯ ಪಕ್ಕದ ಗಲ್ಲಿಯಲ್ಲಿ ಮನೆ ಇಟ್ಟುಕೊಂಡು ಸದ್ದು ಆಗದಿದ್ದರೆ ಬದುಕು ಹೇಗೆ? ಅವನು ತಾನೇ ಒಂದು ದಾರಿ ಹುಡುಕಿಕೊಂಡಿದ್ದ. ಅಪ್ಪನ ಬೈಕಿನ ಹಳೇ ಹೆಲ್ಮೆಟ್ ತಲೆಗೇರಿಸಿ, ಗಾಜು ಇಳಿಸಿಕೊಂಡು ಓಡಾಡುತ್ತಿದ್ದ. ಬೀದಿಯ ಮಕ್ಕಳು ಅದರ ಮೇಲೆ ಕಲ್ಲಿನಿಂದ ಟಕ್ ಟಕ್ ಅಂತ ಕುಟ್ಟಿ ಓಡುತ್ತಿದ್ದರು. ದೊಡ್ಡವರೂ ಕುಟ್ಟುತ್ತಿದ್ದರು. ಅದು ತಮಾಷೆಯಂತೆ.

ಮೂರನೆಯವನು ಡಿಕ್ಕಿ ಹುಡುಗ. ಗೋಡೆಗೆ, ಕಂಬಕ್ಕೆ, ಜನಕ್ಕೆ ಓಡಿ ಬಂದು ಗುದ್ದಿದರೇ ಅವನ ಮೈಗೆ ನೆಮ್ಮದಿ. ಶಾಲೆಯಲ್ಲಿ ಅವನನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ.

ಗುಂಪಿನಲ್ಲಿ ನಾವು ಮಾಡುತ್ತಿದ್ದದ್ದು ಆಟವೇ. ಹಳೇ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ತೂಗುವುದು. ಕಂಬಳಿಯಲ್ಲಿ ಒಬ್ಬನನ್ನು ಮಲಗಿಸಿ ಮಸಾಲೆ ದೋಸೆಯಂತೆ ಬಿಗಿಯಾಗಿ ಸುತ್ತುವುದು. ಮೊರದ ತುಂಬ ರಾಗಿ ಹಾಕಿ ಅದರೊಳಗೆ ಗೋಲಿ ಹುಡುಕುವುದು. ಎಲ್ಲದಕ್ಕೂ ಒಂದೇ ನಿಯಮ. ಯಾರಾದರೂ ಅಂಗೈ ಎತ್ತಿ ತೋರಿಸಿದರೆ 'ಸಾಕು' ಎಂದರ್ಥ. ಆಗ ಎಲ್ಲರೂ ನಿಲ್ಲಿಸಬೇಕು. ಯಾಕೆ ಅಂತ ಕೇಳುವಂತಿಲ್ಲ, ಇನ್ನೊಂದು ಸಲ ಅಂತ ಬೇಡುವಂತಿಲ್ಲ. ಈ ಮಕ್ಕಳು ಹುಟ್ಟಿದಾಗಿನಿಂದ ಬೇಡ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಅಂಗೈ ಎತ್ತಿದರೆ ಐದು ಜನ ಕಲ್ಲಿನಂತೆ ನಿಂತುಬಿಡುತ್ತಾರೆ ಎಂದು ಅವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಡಿಕ್ಕಿ ಹುಡುಗನಂತೂ ಸುಮ್ಮಸುಮ್ಮನೆ ಅಂಗೈ ಎತ್ತಿ, ಎಲ್ಲರೂ ನಿಂತದ್ದನ್ನು ನೋಡಿ, ಕೈ ಇಳಿಸಿ, ಮತ್ತೆ ಎತ್ತಿ ಪರೀಕ್ಷೆ ಮಾಡುತ್ತಿದ್ದ.

ನಿಧಾನವಾಗಿ ಕೆಲಸ ಆಗುತ್ತಿತ್ತು. ಹೆಲ್ಮೆಟ್ ಹುಡುಗ ಬಂದ ಕೂಡಲೇ ಹೆಲ್ಮೆಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿ, ಬೇಕಾದಾಗ ಮಾತ್ರ ಹೋಗಿ ಹಾಕಿಕೊಳ್ಳುತ್ತಿದ್ದ. ಹುಡುಗಿ ಬಾಳೆಹಣ್ಣು ತಿನ್ನುವವರ ಪಕ್ಕದಲ್ಲಿ ಕೂರುವಷ್ಟಾಗಿದ್ದಳು. ಒಂದು ದಿನ ಚಮಚದ ತುದಿಯಿಂದ ಹಣ್ಣನ್ನು ಮುಟ್ಟಿ, ಆ ಚಮಚವನ್ನು ಮೂಸಿ ನೋಡಿದಳು. ಅಜ್ಜಿಗೆ ಅದು ಏನೂ ಅಲ್ಲ. "ಮೂಸಿದ್ರೆ ಹೊಟ್ಟೆ ತುಂಬ್ತದಾ?" ಅಂದರು. ನನಗೆ ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ದಾರಿಯುದ್ದಕ್ಕೂ ಖುಷಿ.

ಜಾಗ ಕೊಟ್ಟಿದ್ದು ಛತ್ರದ ಯಜಮಾನ. ಮದುವೆ ಇಲ್ಲದ ದಿನ ಮಹಡಿಯ ಮೇಲಿನ ಕೋಣೆ ಖಾಲಿ ಬಿದ್ದಿರುತ್ತದೆ, ಬಾಡಿಗೆ ಬೇಡ, ದೇವರ ಕೆಲಸ ಅಂದಿದ್ದ. ನಾಲ್ಕು ತಿಂಗಳು ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಇಣುಕಿಯೂ ನೋಡದವನು ಒಂದು ದಿನ ಮೆಟ್ಟಿಲು ಹತ್ತಿ ಬಂದ. ಬಿಳಿ ಅಂಗಿ, ಕತ್ತಿನಲ್ಲಿ ಚಿನ್ನದ ಸರ.

"ಮೇಡಂ, ಇದಕ್ಕೊಂದು ಉದ್ಘಾಟನೆ ಆಗ್ಬೇಕಲ್ಲ?"

"ನಾಲ್ಕು ತಿಂಗಳಿಂದ ನಡೀತಾನೇ ಇದೆಯಲ್ಲ ಸಾರ್."

"ಅದು ನಮಗೆ ಗೊತ್ತು. ಊರಿಗೆ ಗೊತ್ತಾಗ್ಬೇಡ್ವಾ? ಸಣ್ಣ ಫಂಕ್ಷನ್. ದೀಪ ಹಚ್ಚೋದು ಅಷ್ಟೇ. ನಮ್ಮ ಪಾರ್ಟಿ ಮುಖಂಡರ ಮಿಸೆಸ್ಸು ಬರ್ತಾರೆ, ಅಕ್ಕಾವ್ರು."

ನಾನು ಬಿಡಿಸಿ ಹೇಳಿದೆ. ಮೈಕು ಬೇಡ, ತಮಟೆ ಬೇಡ, ಮಕ್ಕಳನ್ನು ಯಾರೂ ಮುಟ್ಟಬಾರದು, ಬಂದು ದೀಪ ಹಚ್ಚಿ ಹೋಗಿಬಿಡಬೇಕು. ಸದ್ದಾದರೆ ಈ ಮಕ್ಕಳಿಗೆ ನೋವಾಗುತ್ತದೆ, ನಿಜವಾದ ನೋವು ಅಂತಲೂ ಹೇಳಿದೆ. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. "ಆಯ್ತು ಮೇಡಂ, ನೀವು ಹೇಳ್ದಂಗೇ."

ಆ ಶನಿವಾರ ಬಸ್ ಸ್ಟ್ಯಾಂಡಿನಿಂದ ತಿರುಗುವಾಗಲೇ ತಮಟೆ ಕೇಳಿಸಿತು. ಯಾರದೋ ಮೆರವಣಿಗೆ ಇರಬೇಕು ಅಂದುಕೊಂಡೆ. ಛತ್ರದ ಗೇಟಿನ ಮುಂದೆ ತಮಟೆಯವರು, ಬಾಗಿಲ ಎರಡೂ ಪಕ್ಕ ಆಳೆತ್ತರದ ಸ್ಪೀಕರ್ ಡಬ್ಬಗಳು, ಮೇಲೊಂದು ಫ್ಲೆಕ್ಸ್. ಅದರಲ್ಲಿ ಯಜಮಾನನ ಮುಖ ದೊಡ್ಡದು, ಅಕ್ಕಾವ್ರ ಮುಖ ಅದಕ್ಕಿಂತ ದೊಡ್ಡದು, ಕೆಳಗೆ ಸಾಲಾಗಿ ನಮ್ಮ ಮಕ್ಕಳ ಮುಖಗಳು. ಯಾವಾಗ ತೆಗೆದರೋ, ಕಿಟಕಿಯಿಂದ ತೆಗೆದಂತಿತ್ತು. 'ಬುದ್ಧಿಮಾಂದ್ಯ ದೇವರ ಮಕ್ಕಳ ಕೇಂದ್ರ' ಅಂತ ಅಚ್ಚಾಗಿತ್ತು. ನಮ್ಮ ಆರು ಜನರಲ್ಲಿ ಒಬ್ಬರಿಗೂ ಬುದ್ಧಿ ಕಡಿಮೆ ಇರಲಿಲ್ಲ. ಹೆಲ್ಮೆಟ್ ಹುಡುಗ ಆ ಫ್ಲೆಕ್ಸನ್ನು ಅಕ್ಷರ ಅಕ್ಷರವಾಗಿ ಓದಿದ್ದಾನೆ ಎಂದು ಅವನ ತಾಯಿ ಆಮೇಲೆ ಹೇಳಿದರು.

ನಾನು ಬರುವಷ್ಟರಲ್ಲಿ ಮಕ್ಕಳನ್ನು ಆಗಲೇ ಮಹಡಿಗೆ ಹತ್ತಿಸಿದ್ದರು. ಜೋಲಿ ಬಿಚ್ಚಿ ಮೂಲೆಗೆ ಎಸೆದು, ಕೋಣೆಯಲ್ಲೂ ಒಂದು ಸ್ಪೀಕರ್ ನಿಲ್ಲಿಸಿ, ಮದುವೆಯ ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟು, ಅವುಗಳಲ್ಲಿ ಮಕ್ಕಳನ್ನು ಕೂರಿಸಿದ್ದರು. ತಾಯಂದಿರು ಗೋಡೆಗೆ ಒರಗಿ ನಿಂತಿದ್ದರು. ಹೋಗಿಬಿಡೋಣ ಅಂತ ನಾನು ಸನ್ನೆ ಮಾಡಿದೆ. ಹೆಲ್ಮೆಟ್ ಹುಡುಗನ ತಾಯಿ ನನ್ನ ಕಿವಿಯ ಹತ್ತಿರ ಬಂದು, "ಹೆಂಗೆ ಹೋಗೋದು ಮೇಡಂ, ಬಾಗ್ಲಲ್ಲಿ ಅವ್ರ ಜನಾನೇ ತುಂಬ್ಕೊಂಡಿದಾರೆ" ಅಂದರು. ಯಜಮಾನನನ್ನು ಹಿಡಿದು ಸ್ಪೀಕರ್ ಆಫ್ ಮಾಡಿಸಿ ಎಂದೆ. ನಗುನಗುತ್ತಾ, "ಐದೇ ನಿಮಿಷ ಮೇಡಂ, ಅಕ್ಕಾವ್ರು ಬಂದೇಬಿಟ್ರು" ಅಂದ. ಅವನ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಇವತ್ತಿಗೂ ಏಲಕ್ಕಿ ಹಾಕಿದ ಚಹಾ ನನಗೆ ಸೇರದು.

ಅಕ್ಕಾವ್ರು ಬಂದರು. ಮೈಕಿನಲ್ಲಿ ಒಬ್ಬ ಅವರನ್ನು ಹೊಗಳಿದ. ಇನ್ನೊಬ್ಬ ನಮ್ಮ ಮಕ್ಕಳನ್ನು ತೋರಿಸಿ, ಹಿಂದಿನ ಜನ್ಮದ ಕರ್ಮ ಅಂದ. ಅದಾದ ಮೇಲೆ ಸನ್ಮಾನ. ನಮ್ಮ ಮಕ್ಕಳಿಗೆ ಶಾಲು, ಹಾರ, ಮೈಸೂರು ಪೇಟ! ಕತ್ತಿನ ಹಿಂದಿನ ಚೀಟಿಯನ್ನೇ ಸಹಿಸದ ಮಕ್ಕಳ ಹಣೆಗೆ ಜರಿಯ ಪೇಟ ಒತ್ತಿ ಕೂರಿಸಿದರು. ಡಿಕ್ಕಿ ಹುಡುಗ ಅದನ್ನು ಕಿತ್ತು ಎಸೆದ. ಯಾರೋ ಎತ್ತಿ ತಂದು ಮತ್ತೆ ಒತ್ತಿದರು. ಅವನು ಕುರ್ಚಿಯನ್ನು ಒದೆಯತೊಡಗಿದ. "ನೋಡಿ, ಎಷ್ಟು ಖುಷಿಯಾಗಿದಾನೆ" ಅಂದಿತು ಮೈಕು. ಹೆಲ್ಮೆಟ್ ಹುಡುಗನ ತಲೆಗೆ ಪೇಟ ಹಿಡಿಸಲಿಲ್ಲ. ಹೆಲ್ಮೆಟ್ ತೆಗೆ ಅಂದರು, ಅವನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಕೊನೆಗೆ ಪೇಟವನ್ನು ಅದರ ಮೇಲೆಯೇ ಇಟ್ಟು ಫೋಟೋ ತೆಗೆದರು. ಕೋಣೆಯ ತುಂಬ ನಗು.

ಕೊನೆಯಲ್ಲಿ ಕೇಕು. ಅದನ್ನು ಯಾರು ತರಿಸಿದ್ದರೋ ಗೊತ್ತಿಲ್ಲ. ಗುಲಾಬಿ ಬಣ್ಣದ ಕೆನೆ ಬಳಿದ ದೊಡ್ಡ ಕೇಕು, ಸೆಕೆಗೆ ಅಂಚು ಕರಗಿ ರಟ್ಟಿನ ಮೇಲೆ ಜಾರುತ್ತಿತ್ತು. ಅಕ್ಕಾವ್ರು ಕೈಯಲ್ಲೇ ಒಂದು ತುಂಡು ಕಿತ್ತುಕೊಂಡರು. ಬೆರಳಿನ ಸಂದಿಯಿಂದ ಕೆನೆ ಒಸರುತ್ತಿತ್ತು. ಸಾಲಿನ ಮೊದಲ ಕುರ್ಚಿಯಲ್ಲಿದ್ದವಳು ನಮ್ಮ ಹುಡುಗಿ.

ನಾನು ಕುರ್ಚಿಗಳ ಆ ಕೊನೆಯಲ್ಲಿ ಡಿಕ್ಕಿ ಹುಡುಗನನ್ನು ಅಪ್ಪಿ ಹಿಡಿದಿದ್ದೆ. "ಬೇಡ, ಆ ಮಗುಗೆ ಬೇಡ" ಎಂದು ಕೂಗಿದೆ. ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿದ್ದರು, ನನ್ನ ದನಿ ನನಗೇ ಕೇಳಿಸಲಿಲ್ಲ. ಮೊಮ್ಮಗಳ ಹಿಂದೆ ನಿಂತಿದ್ದ ಅಜ್ಜಿ ಬೇರೆ, "ತಿನ್ನಮ್ಮ, ದೊಡ್ಡೋರು ಕೊಡ್ತಾವ್ರೆ, ಬೇಡ ಅನ್ಬಾರ್ದು" ಎಂದು ಅವಳ ಬೆನ್ನು ತಳ್ಳುತ್ತಿದ್ದರು.

ಹುಡುಗಿ ಅಂಗೈ ಎತ್ತಿದಳು.

ಕಲಿಸಿದ ಹಾಗೆಯೇ, ಎದೆಯ ಮುಂದೆ, ಬೆರಳು ನೆಟ್ಟಗೆ. ಅಕ್ಕಾವ್ರು ಅದನ್ನು ನೋಡಿ ನಕ್ಕರು. ತಮ್ಮ ಇನ್ನೊಂದು ಕೈಯಿಂದ ಆ ಅಂಗೈಗೆ ಪಟ್ಟನೆ ತಟ್ಟಿ, "ಓಹೋ, ಹೈ ಫೈ ಕೊಡ್ತಾಳೆ ನೋಡ್ರಿ!" ಅಂದು ಕ್ಯಾಮೆರಾ ಕಡೆ ಮುಖ ತಿರುಗಿಸಿಕೊಂಡೇ ಕೇಕನ್ನು ಅವಳ ಬಾಯಿಗೆ ಒತ್ತಿದರು.

"ಸಾಕಂದ್ಲು! ಸಾಕಂದ್ಲು ಅವ್ಳು! ನಿಲ್ಸಿ!"

ಹೆಲ್ಮೆಟ್ಟಿನ ಒಳಗಿನಿಂದ ಬಂದ ಕೂಗು. ಆ ಹುಡುಗ ಕುರ್ಚಿಯಿಂದ ಎದ್ದಿದ್ದ. ಗುಂಪಿನ ಉಳಿದ ಮಕ್ಕಳೆಲ್ಲ ಅಲ್ಲಾಡದೆ ಕೂತಿದ್ದರು, ಡಿಕ್ಕಿ ಹುಡುಗ ಕೂಡ ನನ್ನ ತೋಳಿನಲ್ಲಿ ಗಕ್ಕನೆ ನಿಂತುಬಿಟ್ಟಿದ್ದ. ಆ ಕೋಣೆಯಲ್ಲಿ ನಿಯಮ ಪಾಲಿಸಿದವರು ಅವರು ಮಾತ್ರ.

ಹುಡುಗಿ ವಾಂತಿ ಮಾಡಿಕೊಂಡಳು. ಅಕ್ಕಾವ್ರ ರೇಷ್ಮೆ ಸೀರೆಯ ಮೇಲೆ, ಕೈ ಮೇಲೆ, ಶಾಲಿನ ಮೇಲೆ. "ಥೂ! ಥೂ!" ಎಂದು ಅವರು ಹಾರಿ ಹಿಂದೆ ಸರಿದರು. ಮಗುವಿನ ಕಣ್ಣು ನೀರು ತುಂಬಿ, ಉಸಿರು ಸಿಗದೆ ಎದೆ ಎಳೆಯುತ್ತಿತ್ತು. ಸುತ್ತ ನಿಂತವರಲ್ಲಿ ಒಬ್ಬರೂ ಅವಳ ಕಡೆ ಬಗ್ಗಲಿಲ್ಲ. ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತು. ಅಕ್ಕಾವ್ರು ಕೈ ಒರೆಸಿಕೊಳ್ಳುತ್ತಾ ಅಜ್ಜಿಯನ್ನು ನೋಡಿ, "ಮನೇಲಿ ಏನೂ ತಿನ್ನಿಸಿ ಅಭ್ಯಾಸ ಮಾಡಿಲ್ವೇನಮ್ಮ? ಯಾವ ಜನ ನೀವು?" ಅಂದರು. ನಮ್ಮ ಕಡೆ 'ಯಾವ ಜನ' ಎಂದು ಕೇಳಿದರೆ ಏನು ಕೇಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತು.

ನಾನು ಜನರನ್ನು ತಳ್ಳಿಕೊಂಡು ಹುಡುಗಿಯನ್ನು ತಲುಪುವ ಮೊದಲೇ ಹೆಲ್ಮೆಟ್ ಹುಡುಗ ತಲುಪಿದ್ದ. ಪೇಟ ಎಲ್ಲೋ ಬಿದ್ದಿತ್ತು. ಅಷ್ಟು ಸದ್ದಿನ ನಡುವೆ, ತಮಟೆ ಕೆಳಗೆ, ಸ್ಪೀಕರು ಪಕ್ಕದಲ್ಲಿ, ಅವನು ತನ್ನ ಹೆಲ್ಮೆಟ್ ಬಿಚ್ಚಿದ. ಬಿಚ್ಚಿ ಅವಳ ತಲೆಗೆ ಹಾಕಿದ. ಗಾಜು ಇಳಿಸಿದ. ಇನ್ನು ಯಾರೂ ಅವಳ ಬಾಯಿಗೆ ಏನನ್ನೂ ಹಾಕಲಾರರು. ಆಮೇಲೆ ತನ್ನ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು, ಕಣ್ಣು ಬಿಗಿದು, ನೆಲಕ್ಕೆ ಕುಸಿದು ಕಿರುಚತೊಡಗಿದ. ಜನ ಅದನ್ನೂ ವಿಡಿಯೋ ಮಾಡಿದರು.

ನಾನು ಹುಡುಗಿಯನ್ನು ಎತ್ತಿಕೊಂಡೆ, ಅವನ ತಾಯಿ ಅವನನ್ನು ಎತ್ತಿಕೊಂಡರು. ಉಳಿದ ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ಹಿಡಿದು ಮೆಟ್ಟಿಲು ಇಳಿದರು. ಬಾಗಿಲಲ್ಲಿ ತುಂಬಿಕೊಂಡಿದ್ದ ಜನ ಈ ಸಲ ತಾವಾಗಿಯೇ ದಾರಿ ಬಿಟ್ಟರು, ವಾಂತಿ ತಾಗೀತು ಎಂದು. ಆಟೋ ಹತ್ತುವಾಗ ಯಜಮಾನ ಓಡೋಡಿ ಬಂದ. ಮಗು ಹೇಗಿದೆ ಅಂತ ಕೇಳಲು ಬಂದನೆಂದು ತಿಳಿದೆ. "ಮೇಡಂ, ಹಂಗೇ ಹೊರಟ್ಬಿಟ್ರೆ ಹೆಂಗೆ? ಗ್ರೂಪ್ ಫೋಟೋ ಆಗ್ಲಿಲ್ಲ" ಅಂದ.

ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಬಾಯಲ್ಲಿ ಎಂಜಲು ಇರಲಿಲ್ಲ.

ಮರುದಿನವೇ ವಿಡಿಯೋ ಎಲ್ಲರ ಫೋನಿಗೆ ಬಂತು. ಯಜಮಾನನ ಮಗ ತನ್ನ ಪೇಜಿನಲ್ಲಿ ಹಾಕಿದ್ದ. ಹಿನ್ನೆಲೆಯಲ್ಲಿ ಅಳುವ ಪಿಟೀಲು. ಕೆಳಗೆ ಜನ ಕೈ ಮುಗಿಯುವ ಚಿತ್ರ, ಅಳುವ ಮುಖ, 'ಪಾಪ', 'ದೇವರು ಒಳ್ಳೇದು ಮಾಡಲಿ'. ಚಿಕ್ಕಬಳ್ಳಾಪುರದ ನಮ್ಮ ಮನೆಯ ಕೆಳಗಿನ ಅಂಗಡಿಯವನೂ ನನಗೆ ತೋರಿಸಿದ. "ನೀವೂ ಇದೀರ ಮೇಡಂ ಇದ್ರಲ್ಲಿ, ನೋಡಿ ಇಲ್ಲಿ!" ಹುಡುಗಿಯ ಬಾಯಿಂದ ಸುರಿಯುವುದನ್ನು ನಿಧಾನ ಮಾಡಿ ಎರಡು ಸಲ ತೋರಿಸಿದ್ದರು.

ಸೋಮವಾರ ನಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ರಜೆ ಹಾಕಿ ಚಿಂತಾಮಣಿಗೆ ಹೋದೆ. ಹೆಲ್ಮೆಟ್ ಹುಡುಗನ ತಾಯಿಯೂ ಜೊತೆಗೆ ಬಂದರು. ಯಜಮಾನ ಛತ್ರದ ಆಫೀಸಿನಲ್ಲಿ ಊಟದೆಲೆಗಳನ್ನು ಎಣಿಸುತ್ತಿದ್ದ. ವಿಡಿಯೋ ತೆಗೆಸಿ ಎಂದೆ.

"ಯಾಕೆ ಮೇಡಂ? ಎಷ್ಟು ಜನ ನೋಡಿದಾರೆ ಗೊತ್ತಾ? ನಿಮ್ಗೇ ಒಳ್ಳೇದು. ನಾಳೆ ಯಾರಾದ್ರೂ ದಾನಿಗಳು ಮುಂದೆ ಬರ್ತಾರೆ."

"ಅವಳು ಹೆಣ್ಣು ಮಗು. ನಾಳೆ ಶಾಲೆಗೆ ಹೋಗ್ಬೇಕು."

"ಇಂಥೋರಿಗೆ ಶಾಲೆ ಎಲ್ಲಿ ಮೇಡಂ" ಅಂದು ಇನ್ನೊಂದು ಎಲೆ ಎತ್ತಿಟ್ಟ.

ಆಗ ಹೆಲ್ಮೆಟ್ ಹುಡುಗನ ತಾಯಿ ಮುಂದೆ ಬಂದು, "ಸಾಬ್, ನೀವು ತಟ್ಟೇಲಿ ಉಣ್ಣೋವಾಗ ನಿಮ್ಮ ಬಾಯಿಗೆ ಯಾರಾದ್ರೂ ಸೆಗಣಿ ಹಾಕಿದ್ರೆ ನೀವೂ ಹಂಗೇ ಮಾಡ್ತೀರ. ಅದನ್ನ ನಾನು ವಿಡಿಯೋ ಮಾಡ್ಲಾ?" ಅಂದರು. ದನಿ ಏರಿಸಲೇ ಇಲ್ಲ. ಯಜಮಾನನ ಮುಖ ಕೆಂಪಾಯಿತು. ಇನ್ನು ಮುಂದೆ ಕೋಣೆ ಖಾಲಿ ಇರುವುದಿಲ್ಲ, ನಿಮ್ಮ ಚಿಂದಿ ಸಾಮಾನು ತಗೊಂಡು ಹೋಗಿ ಅಂದ. ಮೂಲೆಯಲ್ಲಿ ಬಿದ್ದಿದ್ದ ಜೋಲಿ ಸೀರೆ, ಕಂಬಳಿ, ಮೊರ ಹೊತ್ತುಕೊಂಡು ಇಳಿದೆವು.

ಎರಡು ದಿನ ಬಿಟ್ಟು ವಿಡಿಯೋ ಮಾಯವಾಯಿತು. ನಮ್ಮ ಮಾತಿಗೆ ಎಂದು ಒಂದು ಗಳಿಗೆ ನಂಬಿದೆ. ನಿಜ ಆಮೇಲೆ ತಿಳಿಯಿತು. ಯಾರೋ ಪೋಲಿ ಹುಡುಗರು ಅಕ್ಕಾವ್ರು ಥೂ ಥೂ ಎಂದು ಕುಣಿಯುವ ಭಾಗವನ್ನು ಮಾತ್ರ ಕತ್ತರಿಸಿ, ಅದಕ್ಕೆ ಡ್ಯಾನ್ಸ್ ಹಾಡು ಸೇರಿಸಿ ಹಂಚಿದ್ದರಂತೆ. ಊರೆಲ್ಲ ನಕ್ಕಿತಂತೆ. ಮುಖಂಡರ ಮನೆಯಿಂದ ಫೋನು ಬಂದದ್ದೇ ತಡ, ಯಜಮಾನನ ಮಗ ಎಲ್ಲವನ್ನೂ ಅಳಿಸಿದ. ಮಗುವಿನ ಮಾನಕ್ಕೆ ಇಲ್ಲದ ಬೆಲೆ ಸೀರೆಗೆ ಇತ್ತು. ವಿಡಿಯೋ ಹೋಯಿತಲ್ಲ ಎಂದು ತಾಯಂದಿರು ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಅದು ಇದ್ದಾಗ ಆದದ್ದಕ್ಕಿಂತ ಹೋದಾಗ ಹೆಚ್ಚು ಹೇಸಿಗೆಯಾಯಿತು.

ಹುಡುಗಿ ಒಣ ಅನ್ನವನ್ನೂ ಬಿಟ್ಟಳು. ಬರೀ ಕಡ್ಲೆಪುರಿ. ಯಾರಾದರೂ ಹತ್ತಿರ ಬಂದರೆ ತುಟಿ ಒಳಗೆಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹೆಲ್ಮೆಟ್ಟನ್ನು ಅವನ ತಾಯಿ ಮತ್ತೆ ಮತ್ತೆ ಉಜ್ಜಿ ತೊಳೆದು ಬಿಸಿಲಿಗಿಟ್ಟರು. ಅದನ್ನು ಹಾಕಿಕೊಂಡ ಹುಡುಗ ಮಲಗುವಾಗಲೂ ತೆಗೆಯಲಿಲ್ಲ. ತಿಂಗಳುಗಳ ಕೆಲಸ ಒಂದು ತುಂಡು ಕೇಕಿನಲ್ಲಿ ಹೋಯಿತು. ಗುಂಪಿಗೆ ಜಾಗವೂ ಇಲ್ಲ.

ಜಾಗ ಕೊಟ್ಟವರು ಆ ಅಜ್ಜಿ. ಮನಸ್ಸು ಕರಗಿ ಕೊಟ್ಟರು ಎಂದರೆ ಸುಳ್ಳಾಗುತ್ತದೆ. 'ಯಾವ ಜನ' ಎಂದು ಕೇಳಿಸಿಕೊಂಡ ಉರಿ ಅವರಿಗೆ ಇಳಿದಿರಲಿಲ್ಲ. ಒಂದು ಸಂಜೆ ಫೋನಿನಲ್ಲಿ, "ಅವನ ಛತ್ರ ಯಾವನಿಗೆ ಬೇಕು? ನಮ್ಮ ಹುಳದ ಮನೆ ಐತೆ. ಮೊನ್ನೆ ಗೂಡು ಬಿಡಿಸಿ ಮಾರಿದೀವಿ, ಖಾಲಿ ಬಿದ್ದದೆ. ಅಲ್ಲೇ ಆಡಿಸ್ಕೊಳ್ಳಿ. ನಾವೇನ್ ಕಡಿಮೆ ಜನಾನಾ?" ಅಂದರು.

ನನಗೆ ಅಲ್ಲಿಗೆ ಹೋಗುವುದೆಂದರೆ ಸಂಕಟ. ನಾನು ಹುಟ್ಟಿದ್ದು ತೊಂಡೇಬಾವಿಯ ಕಡೆ. ನಮ್ಮಲ್ಲಿ ಬೆಳೆಯುವುದು ಜೋಳ, ಕಡಲೆಕಾಯಿ; ಹುಳು ಸಾಕಣೆ ಗೊತ್ತಿಲ್ಲ. ಶಿಡ್ಲಘಟ್ಟ ಹಾಯುವಾಗ ಗೂಡು ಬೇಯಿಸುವ ವಾಸನೆ ಬಸ್ಸಿನೊಳಗೆ ನುಗ್ಗಿದರೆ ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುವವಳು ನಾನು. ಮಕ್ಕಳ ವಾಂತಿ ತಡೆಯಬಲ್ಲೆ, ಸತ್ತ ಹುಳು ಬೆಂದ ವಾಸನೆ ತಡೆಯಲಾರೆ. ಹುಳುವಂತೂ ನೋಡಲಾರೆ.

ಆದರೂ ಹೋದೆವು. ಮುಂದಿನ ಹುಳುವಿಗೆಂದು ಮನೆ ತೊಳೆದಿದ್ದರು; ಮೊದಲ ವಾರ ಬ್ಲೀಚಿಂಗ್ ಪೌಡರಿನ ಘಾಟು, ಹೆಲ್ಮೆಟ್ ಹುಡುಗ ಬಾಗಿಲಿಂದಲೇ ವಾಪಸ್. ಕಿಟಕಿಗಳನ್ನೆಲ್ಲ ತೆಗೆದು ಇಟ್ಟು, ಮರುವಾರ ಜಗಲಿಯಲ್ಲಿ ಶುರುಮಾಡಿದೆವು. ಆ ಮನೆಯ ಒಳ್ಳೆಯ ಗುಣ ಎಂದರೆ ರಸ್ತೆಯಿಂದ ದೂರ, ಸುತ್ತ ಹಿಪ್ಪುನೇರಳೆ ತೋಟ, ಒಳಗೆ ತಂಪು, ಮಬ್ಬು ಬೆಳಕು. ಡಿಕ್ಕಿ ಹುಡುಗನಿಗೆ ಸೊಪ್ಪಿನ ಹೊರೆ ಹೊರುವ ಕೆಲಸ ಸಿಕ್ಕಿತು. ತನಗಿಂತ ದಪ್ಪನೆಯ ಹೊರೆಯನ್ನು ಎದೆಗೆ ಅವಚಿಕೊಂಡು ತೋಟದಿಂದ ಮನೆಗೆ ಹೊತ್ತು ಹೊತ್ತು, ಕೊನೆಗೆ ತಾನಾಗಿಯೇ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದ. ಅವನು ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊಸ ಹುಳು ತಂದ ಮೇಲೆ, ಅವಕ್ಕೆ ರೋಗ ತಾಗೀತೆಂದು ಅಜ್ಜಿ ನಮ್ಮನ್ನು ಒಳಗೆ ಬಿಡಲಿಲ್ಲ. ಜಗಲಿಯೇ ಗತಿ. ಹುಳು ದೊಡ್ಡವಾದ ಒಂದು ಶನಿವಾರ ಒಂದು ತಟ್ಟೆಯಲ್ಲಿ ಒಂದಿಷ್ಟು ಹಾಕಿ ಹೊರಗೆ ತಂದಿಟ್ಟರು, "ನೋಡ್ಕೊಳ್ಳಿ" ಎಂದು. ಬೆಳ್ಳಗೆ, ತಣ್ಣಗೆ, ನೀರಿನಲ್ಲಿ ನೆನೆದ ಮುದುಕನ ಬೆರಳಿನ ಹಾಗೆ. ಸೊಪ್ಪಿನ ಮೇಲೆ ಒಂದರ ಮೇಲೊಂದು ಹರಿಯುತ್ತಿದ್ದವು. ನನಗೆ ಓಕರಿಕೆ ಬಂತು. ಎದ್ದು ಗೋಡೆಯ ಕಡೆ ತಿರುಗಿದೆ.

ಹುಡುಗಿ ಅದನ್ನು ನೋಡಿಬಿಟ್ಟಳು. ಹುಳುಗಳ ಮಧ್ಯೆಯೇ ಹುಟ್ಟಿದವಳು, ಅವಳಿಗೆ ಹುಳು ಎಂದರೆ ಬೆಕ್ಕಿನ ಮರಿಯಷ್ಟೇ. "ಮೇಡಮ್ಮ, ನಿಂಗೆ ವಾಂತಿ ಬರ್ತಾ ಇದ್ಯಾ?" ಅಂದಳು. ಛತ್ರದ ದಿನದ ಮೇಲೆ ನಾನು ಅವಳ ಬಾಯಿಂದ ಕೇಳಿದ ಮೊದಲ ಮಾತು.

"ಹೂಂ ಕಣಮ್ಮ."

ಅವಳು ಉಳಿದವರನ್ನು ಕರೆದಳು. ಐದೂ ಜನ ನನ್ನ ಸುತ್ತ ಕೂತರು. ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು ಆ ಹುಡುಗ ಅಪ್ಪಣೆ ಕೊಟ್ಟ. "ಮೊದ್ಲು ದೂರದಿಂದ ನೋಡಿ ಮೇಡಂ. ಸುಮ್ನೆ ನೋಡಿ. ಮುಟ್ಬೇಡಿ." ನೋಡಿದೆ. "ಈಗ ಕಡ್ಡೀಲಿ ಮುಟ್ಟಿ." ಹಿಪ್ಪುನೇರಳೆ ಕಡ್ಡಿಯ ತುದಿಯಿಂದ ಮುಟ್ಟಿದೆ. ಹುಳು ತಲೆಯೆತ್ತಿತು. ನನ್ನ ಕೈ ತಾನಾಗಿ ಮೇಲೆದ್ದು ಅಂಗೈ ತೋರಿಸಿತು. ಆರೂ ಜನ ಇದ್ದಲ್ಲೇ ಕಲ್ಲಾದರು. ಡಿಕ್ಕಿ ಹುಡುಗ ಉಸಿರು ಬಿಗಿಹಿಡಿದಿದ್ದ. ಒಬ್ಬರೂ 'ಇನ್ನೊಂದು ಸಲ' ಅನ್ನಲಿಲ್ಲ, ಒಬ್ಬರೂ ನಗಲಿಲ್ಲ. ಹುಡುಗಿ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಜ್ಜಿಗೆ ಕೊಟ್ಟಳು. "ಇವತ್ತಿಗೆ ಸಾಕಂತೆ" ಅಂದಳು. ನಾನು ಇಂದಿಗೂ ಹುಳುವನ್ನು ಬೆರಳಿನಿಂದ ಮುಟ್ಟಿಲ್ಲ. ಅವರು ಕೇಳಿಯೂ ಇಲ್ಲ.

ಗುಂಪು ಈಗಲೂ ಅಲ್ಲೇ ನಡೆಯುತ್ತಿದೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅಜ್ಜಿ ನಮ್ಮನ್ನು ಜಗಲಿಯಿಂದಲೂ ಓಡಿಸುತ್ತಾರೆ. ಆಗ ತೋಟದ ಅಂಚಿನ ಹುಣಸೆಮರದ ಕೆಳಗೆ ಕಂಬಳಿ ಹಾಸುತ್ತೇವೆ. ಅಜ್ಜಿ ಬದಲಾಗಿದ್ದಾರೆ ಎಂದೇನಿಲ್ಲ. ಮೊಮ್ಮಗಳ ಕತ್ತಿಗೆ ಇನ್ನೊಂದು ತಾಯಿತ ಕಟ್ಟಿಸಿದ್ದಾರೆ. ಆದರೆ ಮೂಗು ಹಿಡಿಯುವುದನ್ನು ನಿಲ್ಲಿಸಿದ್ದಾರೆ. ಛತ್ರದಲ್ಲಿ ಇನ್ನೊಬ್ಬಳು ಅದನ್ನೇ ಮಾಡಿದ್ದನ್ನು ಕಣ್ಣಾರೆ ಕಂಡು ನಿಲ್ಲಿಸಿದರೋ, ಬರೀ ಅವಮಾನಕ್ಕೆ ನಿಲ್ಲಿಸಿದರೋ, ನಾನು ಕೇಳಿಲ್ಲ.

ಹುಡುಗಿ ಒಣ ಅನ್ನಕ್ಕೆ ಮರಳಲು ಬಹಳ ಕಾಲ ಹಿಡಿಯಿತು. ಕಳೆದ ತಿಂಗಳು ಡಿಕ್ಕಿ ಹುಡುಗನ ತಾಯಿ ನಿಪ್ಪಟ್ಟು ಮಾಡಿ ತಂದಿದ್ದರು. ಒಣಗಿದ್ದು, ಗರಿಗರಿ, ಕಡ್ಲೆಪುರಿಗೆ ದೂರದ ನಂಟು. ಮಕ್ಕಳೆಲ್ಲ ಕರುಂ ಕರುಂ ತಿನ್ನುತ್ತಿದ್ದರು. ಅವಳಿಗೆ ಯಾರೂ ಕೊಡಲಿಲ್ಲ, ಬಾ ಅನ್ನಲೂ ಇಲ್ಲ. ತಾನೇ ಡಬ್ಬಕ್ಕೆ ಕೈ ಹಾಕಿ ಒಂದನ್ನು ತೆಗೆದು, ಎರಡೂ ಕಡೆ ತಿರುಗಿಸಿ ನೋಡಿ, ಅಂಚು ಕಚ್ಚಿದಳು. ಒಳಗೆ ಕಡಲೆಬೀಜದ ಚೂರು ಸಿಕ್ಕಿತೋ ಏನೋ, ಮುಖ ಕಿವುಚಿ ಅಜ್ಜಿಯ ಕೈಗೆ ಉಗಿದಳು. ಅಜ್ಜಿ ಮತ್ತೆ ಮೂಗು ಹಿಡಿದಾರೆಂದು ನಾನು ಎದ್ದು ನಿಂತೆ. ಅಜ್ಜಿ ಬೈಯಲಿಲ್ಲ. ನಿಪ್ಪಟ್ಟನ್ನು ಮುರಿದು, ಮಂದಗಣ್ಣಿನಲ್ಲೇ ಕಡಲೆಬೀಜದ ಚೂರುಗಳನ್ನು ಉಗುರಿನಿಂದ ಕಿತ್ತು ಕಿತ್ತು ಎಸೆದು, ಉಳಿದದ್ದನ್ನು ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಇಟ್ಟು, ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಹೋದರು.

ಹುಡುಗಿ ಅದನ್ನು ತಿಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟೆ.